ಕಲ್ಲಣಬೆ: ತಿನ್ನುವವರಿಗೂ ಗೊತ್ತಿಲ್ಲದ ಅದರ ಇನ್ನೊಂದು ರೂಪ

ಪ್ರಥಮ ಪಿಯುಸಿ ಜೀವಶಾಸ್ತ್ರದ ಎರಡನೇ ಅಧ್ಯಾಯದಲ್ಲಿ, ಬೆಸಿಡಿಯೋಮೈಸಿಟೀಸ್ ವರ್ಗಕ್ಕೆ ಉದಾಹರಣೆ ಕೊಡುವಾಗ, ‘ಪಫ್‌ಬಾಲ್’ ಎಂಬ ಪದ ಬಂದು ಹೋಗುತ್ತದೆ. ಮಾಮೂಲಿ ಅಣಬೆ, ಮರದ ಕಾಂಡಕ್ಕೆ ಅಂಟಿ ಬೆಳೆಯುವ ಬ್ರಾಕೆಟ್ ಫಂಗಸ್, ಆಮೇಲೆ ಪಫ್‌ಬಾಲ್. ಅಷ್ಟು ಹೇಳಿ ಪುಸ್ತಕ ಮುಂದಿನ ಸಾಲಿಗೆ ಹೋಗುತ್ತದೆ. ನಾನೂ ಇಷ್ಟು ವರ್ಷ ಹಾಗೆಯೇ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಒಂದು ದುಂಡು ಬರೆದು, ಮೇಲೊಂದು ರಂಧ್ರ ತೋರಿಸಿ, ಹೊಗೆಯ ಹಾಗೆ ನಾಲ್ಕು ಚುಕ್ಕೆ ಇಟ್ಟರೆ ಪಫ್‌ಬಾಲ್ ಮುಗಿಯಿತು. ಈ ಜೂನ್‌ನಲ್ಲಿ ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟ ಮೇಲೆ ಅದು ಅಷ್ಟಕ್ಕೇ ಮುಗಿಯಲಿಲ್ಲ.

ಪೊಟ್ಟಣದಲ್ಲಿ ಗೋಲಿಗಿಂತ ಸ್ವಲ್ಪ ದೊಡ್ಡದಾದ, ಕೆಂಪು ಮಣ್ಣು ಮೆತ್ತಿದ ಉಂಡೆಗಳು ಇಪ್ಪತ್ತಕ್ಕೂ ಹೆಚ್ಚಿದ್ದವು. ಅವು ಏನೆಂದು ಕೇಳಬೇಕಾಗಿರಲಿಲ್ಲ. ಮಳೆಗಾಲದ ಮೊದಲ ವಾರಗಳಲ್ಲಿ ನಮ್ಮ ಕರಾವಳಿಯ ಪೇಟೆಗಳಲ್ಲಿ ಸೇರಿನಲ್ಲಿ ಅಳೆದು ಮಾರುವ ಕಲ್ಲಣಬೆ, ತುಳುವಿನಲ್ಲಿ ಕಲ್ಲಲಾಂಬು. ಸುಕ್ಕ ಮಾಡುವ ಮನೆಗಳಲ್ಲಿ ಇದಕ್ಕೆ ಮೀನಿಗಿಂತ ಹೆಚ್ಚು ಮರ್ಯಾದೆ. ಆದರೆ ಅವಳು ಪೊಟ್ಟಣ ತಂದದ್ದು ಉಂಡೆಗಳಿಗಾಗಿ ಅಲ್ಲ. ಅವುಗಳ ನಡುವೆ ಇನ್ನೊಂದು ವಸ್ತು ಇತ್ತು. ಒಣಗಿದ ಚರ್ಮದಂಥ ಎಂಟು ಎಸಳುಗಳು ಮುಷ್ಟಿಯ ಹಾಗೆ ಒಳಕ್ಕೆ ಮಡಚಿಕೊಂಡು, ನಡುವಿನ ಬೂದುಬಣ್ಣದ ಚೀಲವೊಂದನ್ನು ಹಿಡಿದುಕೊಂಡಿದ್ದವು.

“ಸರ್, ಇದು ಕಲ್ಲಣಬೆಯ ಜೊತೆ ಅದೇ ಜಾಗದಲ್ಲಿ ಸಿಕ್ಕಿತು. ಇದು ಏನು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ವಿಷದ ಅಣಬೆ ಹತ್ತಿರ ಇದ್ದರೆ ಬಾಕಿಯದ್ದನ್ನೂ ಬಿಸಾಡಬೇಕಾ ಅಂತ ಉಮ್ಮ ಕೇಳಿದ್ದಾರೆ.”

ಅವಳ ಉಮ್ಮನ ಪ್ರಶ್ನೆ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ನಮಗೆ ಮೂರು ದಿನ ಹಿಡಿಯಿತು. ಆ ಮೂರು ದಿನಗಳ ಕೆಲಸವೇ ಈ ಲೇಖನ.

ಮೊದಲ ದಿನ ನಾವು ಮಾಡಿದ್ದು ಇಷ್ಟೇ. ಆ ಒಣ ಮುಷ್ಟಿಯನ್ನು ಒಂದು ಪೆಟ್ರಿ ಡಿಶ್‌ನಲ್ಲಿಟ್ಟು ಅದರ ಸುತ್ತ ನೀರು ಹಾಕಿದೆವು. ತರಗತಿ ಮುಗಿಯುವ ಹೊತ್ತಿಗೆ ಎಸಳುಗಳು ಬಿಚ್ಚಿಕೊಂಡು, ಹಿಂದಕ್ಕೆ ಬಾಗಿ, ನಡುವಿನ ಚೀಲವನ್ನು ಮೇಲಕ್ಕೆತ್ತಿ ನಿಲ್ಲಿಸಿದ್ದವು. ಮೇಲಿನಿಂದ ನೋಡಿದರೆ ಸರಿಯಾದ ನಕ್ಷತ್ರ. ಹಿಂದಿನ ಬೆಂಚಿನ ಹುಡುಗನೊಬ್ಬ, “ಸರ್, ಇದು ನಮ್ಮ ಮನೆಯ ಮರ್ಯಮ್ ಹೂವಿನ ಹಾಗೆಯೇ ಇದೆ” ಎಂದ. ಹೋಲಿಕೆ ಚೆನ್ನಾಗಿತ್ತು. ಹಜ್ಜ್‌ಗೆ ಹೋದವರು ತರುವ, ನೀರಿನಲ್ಲಿಟ್ಟರೆ ಅರಳುವ ಆ ಒಣ ಗಂಟು ನಿಜವಾಗಿ ಹೂವಲ್ಲ. ಸಾಸಿವೆ ಕುಟುಂಬಕ್ಕೆ ಸೇರಿದ ಅನಸ್ಟಾಟಿಕಾ ಎಂಬ ಮರುಭೂಮಿ ಗಿಡದ ಸತ್ತ ರೆಂಬೆಗಳು ಅವು. ಗಿಡ ಸತ್ತಿದ್ದರೂ ರೆಂಬೆ ನೀರು ಹೀರಿ ಬಿಚ್ಚಿಕೊಳ್ಳುತ್ತದೆ. ನಮ್ಮ ಮೇಜಿನ ಮೇಲಿದ್ದದ್ದು ಗಿಡವಲ್ಲ, ಶಿಲೀಂಧ್ರ. ಆದರೆ ಎರಡರ ಉಪಾಯವೂ ಒಂದೇ. ಜೀವ ಇರಬೇಕಾಗಿಲ್ಲ, ನೀರಿದ್ದರೆ ಸಾಕು.

ಈ ಚಲನೆಯನ್ನು ಭೌತಶಾಸ್ತ್ರ ಓದಿದವರು ಬೇಗ ಹಿಡಿಯಬಹುದು. ಎರಡು ಲೋಹದ ಪಟ್ಟಿಗಳನ್ನು ಬೆಸೆದು ಬಿಸಿ ಮಾಡಿದರೆ, ಒಂದು ಹೆಚ್ಚು ಹಿಗ್ಗಿ ಇನ್ನೊಂದು ಕಡಿಮೆ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಇಲ್ಲಿ ಬಿಸಿಯ ಬದಲು ನೀರು. ಎಸಳಿನ ಒಳಮುಖದ ಪದರ ನೀರು ಹೀರಿ ಹಿಗ್ಗುತ್ತದೆ, ಹೊರಮುಖದ ಪದರ ಅಷ್ಟು ಹಿಗ್ಗುವುದಿಲ್ಲ, ಎಸಳು ಹಿಂದಕ್ಕೆ ಬಾಗುತ್ತದೆ. ಒಣಗಿದಾಗ ಒಳಪದರ ಕುಗ್ಗಿ ಎಸಳು ಮತ್ತೆ ಮಡಚಿಕೊಳ್ಳುತ್ತದೆ. ಈ ಗುಣದಿಂದಲೇ ಇದಕ್ಕೆ ಹೆಸರು ಬಂದಿದೆ. ಪರ್ಸೂನ್ ಎಂಬ ಶಿಲೀಂಧ್ರ ವಿಜ್ಞಾನಿ 1801ರಲ್ಲಿ ಇದನ್ನು ‘ಹೈಗ್ರೊಮೆಟ್ರಿಕಮ್’ ಎಂದು ಕರೆದ, ಅಂದರೆ ತೇವ ಅಳೆಯುವಂಥದ್ದು. 1889ರಲ್ಲಿ ಮಾರ್ಗನ್ ಇದನ್ನು ‘ಅಸ್ಟ್ರೇಯಸ್’ ಎಂಬ ಕುಲಕ್ಕೆ ಸೇರಿಸಿದ. ಗ್ರೀಕ್ ಪುರಾಣದಲ್ಲಿ ಅಸ್ಟ್ರೇಯಸ್ ನಕ್ಷತ್ರಗಳ ತಂದೆ.

ಇಷ್ಟಾದ ಮೇಲೆ ಸುಲಭದ ಉತ್ತರ ಕೈಯಲ್ಲಿತ್ತು. ನಕ್ಷತ್ರದ ಹೆಸರು ಅಸ್ಟ್ರೇಯಸ್, ಅದು ಕಲ್ಲಣಬೆಯ ಬೆಳೆದ ರೂಪ, ಉಂಡೆಗಳೆಲ್ಲ ಅದರ ಎಳೆಯ ರೂಪ, ಮನೆಗೆ ಹೋಗಿ ಸುಕ್ಕ ಮಾಡಿ. ಹಾಗೆ ಹೇಳದಿದ್ದದ್ದು ಒಳ್ಳೆಯದಾಯಿತು.

ಕೊಯ್ದು ನೋಡಿದಾಗ

ಅದೇ ದಿನ ಮಧ್ಯಾಹ್ನ ಉಂಡೆಗಳನ್ನು ತೊಳೆದು, ಒಂದೊಂದನ್ನೂ ಮೇಲಿನಿಂದ ಕೆಳಕ್ಕೆ ಎರಡು ಹೋಳು ಮಾಡಿದೆವು. ಹೆಚ್ಚಿನವುಗಳ ಒಳಗೆ ಕೊಬ್ಬರಿಯಂಥ ಬಿಳಿ ತಿರುಳು. ಮೂರರಲ್ಲಿ ತಿರುಳು ಕಂದು ಬಣ್ಣಕ್ಕೆ ತಿರುಗಲು ತೊಡಗಿತ್ತು. ಒಂದರಲ್ಲಿ ಮಾತ್ರ ತಿರುಳು ನೇರಳೆ ಕಪ್ಪಾಗಿತ್ತು. ಅದರ ನಡುವೆ ಅಮೃತಶಿಲೆಯ ಗೆರೆಗಳಂತೆ ಸಣ್ಣ ಬಿಳಿ ಗೆರೆಗಳಿದ್ದವು. ಅದರ ಸಿಪ್ಪೆಯೂ ಬೇರೆಯಾಗಿತ್ತು. ಬುಡದಲ್ಲಿ ಬೇರಿನಂಥ ಎಳೆಗಳ ಗಂಟು ಇತ್ತು. ಹೊರಗಿನಿಂದ ನೋಡಿದಾಗ ನಾನೂ ಸೇರಿದಂತೆ ಯಾರೂ ಅದನ್ನು ಬೇರೆ ಎಂದು ಗುರುತಿಸಿರಲಿಲ್ಲ. ಮಣ್ಣು ಮೆತ್ತಿದ ಉಂಡೆಗಳಲ್ಲಿ ಎಲ್ಲವೂ ಒಂದೇ.

ಅದು ಸ್ಕ್ಲೆರೊಡರ್ಮಾ. ಇಂಗ್ಲಿಷಿನಲ್ಲಿ ಅರ್ತ್‌ಬಾಲ್ ಎನ್ನುತ್ತಾರೆ. ಈ ಕುಲದ ಹಲವು ಜಾತಿಗಳು ವಿಷಕಾರಿ. ತಿಂದರೆ ಹೊಟ್ಟೆನೋವು, ವಾಂತಿ, ಭೇದಿ ಸಾಮಾನ್ಯ. ಹೆಚ್ಚಾಗಿ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕಲ್ಲಣಬೆ ಆರಿಸುವವರ ನಡುವೆ ಒಳಗೆ ಬಿಳಿ ಇದ್ದರೆ ಒಳ್ಳೆಯದು, ಕಪ್ಪಾದರೆ ಬಿಸಾಡು ಎಂಬ ಲೆಕ್ಕ ಇದೆ. ಈ ಲೆಕ್ಕದ ಅರ್ಧ ಪೂರ್ತಿ ಸರಿ. ಒಳಗೆ ಬಣ್ಣ ಬಂದದ್ದನ್ನು ತಿನ್ನಬಾರದು, ಅದು ಬಲಿತ ಕಲ್ಲಣಬೆಯಾಗಿದ್ದರೂ ಸರಿ, ಅರ್ತ್‌ಬಾಲ್ ಆಗಿದ್ದರೂ ಸರಿ. ಉಳಿದ ಅರ್ಧದಲ್ಲಿ ಒಂದು ಬಿಲ ಇದೆ. ತೀರ ಎಳೆಯ ಅರ್ತ್‌ಬಾಲ್‌ನ ಒಳಗೂ ಬಿಳಿಯೇ. ಆದ್ದರಿಂದ ಬಿಳಿ ಎಂಬುದೊಂದೇ ಸಾಕ್ಷಿಯಾಗಲಾರದು. ಸಿಪ್ಪೆಯನ್ನೂ ನೋಡಬೇಕು. ಎಳೆಯ ಅಸ್ಟ್ರೇಯಸ್ಸನ್ನು ಕೊಯ್ದಾಗ ದಪ್ಪನೆಯ ಹೊರಗೋಡೆ, ಅದರೊಳಗೆ ತಿರುಳನ್ನು ಸುತ್ತಿದ ತೆಳುವಾದ ಇನ್ನೊಂದು ಗೋಡೆ, ಹೀಗೆ ಎರಡು ಪದರ ಕೈಮಸೂರದಲ್ಲಿ ಕಾಣುತ್ತದೆ. ಮುಂದೆ ಸೀಳಿ ಎಸಳಾಗುವುದು ಹೊರಗೋಡೆ, ಚೀಲವಾಗಿ ಉಳಿಯುವುದು ಒಳಗೋಡೆ. ಸ್ಕ್ಲೆರೊಡರ್ಮಾದಲ್ಲಿ ಗಟ್ಟಿಯಾದ ಒಂದೇ ಗೋಡೆ.

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಅದು ನಮ್ಮ ಪೊಟ್ಟಣದಲ್ಲಿ ಇರಲಿಲ್ಲ, ಅಲ್ಲಾಹನ ದಯೆ. ಅಮನೀಟಾ ಕುಲದ ಅಣಬೆಗಳು ಮಣ್ಣಿನಿಂದ ಮೇಲೇಳುವ ಮೊದಲು ಬಿಳಿ ಪೊರೆಯೊಳಗೆ ಮೊಟ್ಟೆಯ ಹಾಗಿರುತ್ತವೆ. ಪಫ್‌ಬಾಲ್ ಎಂದುಕೊಂಡು ಇವುಗಳನ್ನು ಕಿತ್ತವರು ಬೇರೆ ದೇಶಗಳಲ್ಲಿ ಇದ್ದಾರೆ. ಉದ್ದಕ್ಕೆ ಕೊಯ್ದರೆ ಒಳಗೆ ಕೊಡೆ, ಕಾಂಡ, ಕೊಡೆಯ ಕೆಳಗಿನ ಪಟ್ಟಿಗಳ ನಕ್ಷೆ ಗೆರೆ ಎಳೆದಂತೆ ಕಾಣುತ್ತದೆ. ಪಫ್‌ಬಾಲ್‌ನ ಒಳಗೆ ಅಂಥ ಯಾವ ನಕ್ಷೆಯೂ ಇರುವುದಿಲ್ಲ. ಅಡ್ಡಕ್ಕೆ ಕೊಯ್ದರೆ ಈ ನಕ್ಷೆ ಸರಿಯಾಗಿ ಕಾಣದೆ ಹೋಗಬಹುದು, ಹಾಗಾಗಿ ಕೊಯ್ಯುವುದು ಯಾವಾಗಲೂ ಮೇಲಿನಿಂದ ಕೆಳಕ್ಕೆ. ಅಮನೀಟಾದ ಕೆಲವು ಜಾತಿಗಳಲ್ಲಿರುವ ಅಮಾನಿಟಿನ್ ವಿಷ ಏನು ಮಾಡುತ್ತದೆ ಎಂಬುದು ದ್ವಿತೀಯ ಪಿಯುಸಿಯವರಿಗೆ ಅರ್ಥವಾಗಬೇಕು. ಆರ್‌ಎನ್‌ಎ ಪಾಲಿಮರೇಸ್ 2 ಎಂಬ ಕಿಣ್ವ ನಿಮ್ಮ ಪಾಠದಲ್ಲಿದೆಯಲ್ಲ, ಅದನ್ನೇ ಈ ವಿಷ ನಿಲ್ಲಿಸುತ್ತದೆ. ಜೀವಕೋಶದಲ್ಲಿ ಎಮ್‌ಆರ್‌ಎನ್‌ಎ ತಯಾರಿ ನಿಲ್ಲುತ್ತದೆ, ಪ್ರೋಟೀನ್ ನಿಲ್ಲುತ್ತದೆ, ಯಕೃತ್ತಿನ ಕೋಶಗಳು ಸಾಯುತ್ತವೆ. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ತಿಂದ ಆರು ಗಂಟೆಗಳಾದರೂ ಕೆಲವೊಮ್ಮೆ ಏನೂ ಆಗದೆ ಇರುವುದು ಇದರ ಮೋಸ. ಅಷ್ಟರಲ್ಲಿ ವಿಷ ರಕ್ತಕ್ಕೆ ಸೇರಿರುತ್ತದೆ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ಬದಲಾಯಿಸಿದರೆ ವಿಷ, ಹುಳು ತಿಂದಿದ್ದರೆ ನಾವೂ ತಿನ್ನಬಹುದು ಎಂಬ ಮಾತುಗಳನ್ನು ನಂಬಿದವರು ಇನ್ನೂ ಇದ್ದಾರೆ. ಅವುಗಳಲ್ಲಿ ಒಂದೂ ನಿಜವಲ್ಲ.

ಗುಡ್ಡದಲ್ಲಿ

ಎರಡನೇ ದಿನ ಶನಿವಾರ. ಮಧ್ಯಾಹ್ನದ ಮೇಲೆ ನಾವು ಆರು ಮಂದಿ ಆ ಜಾಗಕ್ಕೆ ಹೋದೆವು. ಮುರಕಲ್ಲಿನ ಪದವು. ಮೇಲೆ ಬಯಲು, ಅಂಚಿನಲ್ಲಿ ಕುರುಚಲು ಕಾಡು. ವಿದ್ಯಾರ್ಥಿನಿಯ ಮನೆಯ ಪಕ್ಕದ ಅಕ್ಕ ನಮ್ಮ ಜೊತೆ ಬಂದರು. ಮೂವತ್ತು ಮಳೆಗಾಲ ಕಲ್ಲಣಬೆ ಆರಿಸಿದವರು. ನಾವು ನೆಲ ನೋಡುತ್ತಿದ್ದೆವು, ಅವರು ಮರ ನೋಡುತ್ತಿದ್ದರು. ಬೋಳು ಬಯಲಿನಲ್ಲಿ ಒಂದು ನಿಮಿಷವೂ ನಿಲ್ಲದೆ ನೇರ ಮರಗಳ ಕೆಳಗೆ ಹೋಗಿ, ತರಗೆಲೆ ಸರಿಸಿ, ಸಣ್ಣ ಕೊಕ್ಕೆಯಿಂದ ಮಣ್ಣು ಕೆದಕಿದರು. ಮಣ್ಣು ಕೂದಲೆಳೆಯಷ್ಟು ಬಿರುಕು ಬಿಟ್ಟ ಕಡೆ ಒಂದು ಬೆರಳಿನ ಆಳದೊಳಗೆ ಉಂಡೆಗಳು.

ಮರ ಯಾಕೆ ಎಂಬುದು ಪಾಠಪುಸ್ತಕದಲ್ಲೇ ಇದೆ, ಆದರೆ ಇನ್ನೊಂದು ಪದದ ಹಿಂದೆ ಅಡಗಿದೆ. ಮೈಕೊರೈಜಾ. ಕಲ್ಲಣಬೆ ಕೊಳೆತ ಎಲೆಯನ್ನು ತಿಂದು ಬದುಕುವ ಶಿಲೀಂಧ್ರವಲ್ಲ. ಅದರ ಎಳೆಗಳು ಮರದ ಎಳೆಬೇರುಗಳ ತುದಿಗೆ ಕೈಗವಸಿನಂತೆ ಹೊದ್ದುಕೊಂಡು, ಮರಕ್ಕೆ ಮಣ್ಣಿನ ರಂಜಕ ಮತ್ತು ನೀರು ಕೊಟ್ಟು, ಮರದಿಂದ ಸಕ್ಕರೆ ಪಡೆಯುತ್ತವೆ. ಎಲ್ಲ ಮರಗಳೂ ಈ ಬಗೆಯ ವ್ಯವಹಾರಕ್ಕೆ ಒಪ್ಪುವುದಿಲ್ಲ. ಒಪ್ಪುವವುಗಳಲ್ಲಿ ಹೋಪಿಯಾ ಕುಲದ ಮರಗಳಿವೆ, ನಮ್ಮ ಕಿರಾಲ್‌ಬೋಗಿ ಆ ಕುಲದ್ದು. ಜಾರ್ಖಂಡಿನಲ್ಲಿ ಇದೇ ಅಸ್ಟ್ರೇಯಸ್ ಸಾಲ್ ಮರದ ಕೆಳಗೆ ಏಳುತ್ತದೆ, ಅಲ್ಲಿ ಅದನ್ನು ರುಗ್ಡಾ ಎಂದು ಮಾರುತ್ತಾರೆ. ಸಾಲ್ ಮತ್ತು ಕಿರಾಲ್‌ಬೋಗಿ ಎರಡೂ ಒಂದೇ ಕುಟುಂಬದ ಮರಗಳು. ಕಲ್ಲಣಬೆಯನ್ನು ಇವತ್ತಿಗೂ ಹಾಲಣಬೆಯ ಹಾಗೆ ಚೀಲದಲ್ಲಿ ಹುಲ್ಲು ತುಂಬಿ ಬೆಳೆಯಲಾಗದಿರುವುದಕ್ಕೆ ಕಾರಣ ಇದೇ. ಅದಕ್ಕೆ ಬೇಕಾದದ್ದು ಹುಲ್ಲಲ್ಲ, ಜೀವಂತ ಮರ. ಪದವಿನ ಒಂದು ಬದಿಯಲ್ಲಿ ಕಲ್ಲಿನ ಕೋರೆ ಬಂದಿದೆ. “ಮೊದಲು ಆ ಕಡೆಯೇ ಹೆಚ್ಚು ಸಿಗುತ್ತಿತ್ತು” ಎಂದು ಅಕ್ಕ ಕೈತೋರಿಸಿದ ಜಾಗದಲ್ಲಿ ಈಗ ನೀರು ತುಂಬಿದ ಚೌಕದ ಗುಂಡಿ ಇದೆ.

ಗುಡುಗಿದರೆ ಕಲ್ಲಣಬೆ ಏಳುತ್ತದೆ ಎಂದೂ ಅವರು ಹೇಳಿದರು. ನೀವೆಲ್ಲ ಮನೆಯಲ್ಲಿ ಕೇಳಿದ ಮಾತೇ. ಗುಡುಗಿನ ದಿನಗಳೇ ಮೊದಲ ಮಳೆಯ ದಿನಗಳೂ ಆಗಿರುವುದರಿಂದ ಹಾಗೆ ಕಾಣುವುದು ಸಹಜ. ಕುತೂಹಲದ ಸಂಗತಿ ಎಂದರೆ, ಇದೇ ಮಾತು ಅರಬರಲ್ಲೂ ಇದೆ. ಮರುಭೂಮಿಯ ಮರಳಿನಡಿ ಬೆಳೆಯುವ ಕಮ್ಅ ಎಂಬ ಉಂಡೆಯನ್ನು ಅವರು ಗುಡುಗಿನ ಬೆಳೆ ಎಂದು ಕರೆಯುತ್ತಿದ್ದರು. ಗಲ್ಫ್‌ನಲ್ಲಿ ಇದ್ದು ಬಂದವರು ಕುವೈತ್, ಸೌದಿಯ ಮಾರುಕಟ್ಟೆಗಳಲ್ಲಿ ಚಳಿಗಾಲದ ಕೊನೆಗೆ ‘ಫಗಾ’ ಎಂಬ ಹೆಸರಿನಲ್ಲಿ ಇದನ್ನು ನೋಡಿರಬಹುದು. ಪ್ರವಾದಿ (ಸ.ಅ.) ಅವರು ಕಮ್ಅದ ಬಗ್ಗೆ, ಅದರ ನೀರು ಕಣ್ಣಿಗೆ ಶಮನ ಎಂಬುದರ ಬಗ್ಗೆ ಹೇಳಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಇದನ್ನು ಹೇಳಿದ ಕೂಡಲೇ ನಮ್ಮ ತಂಡದಲ್ಲೊಬ್ಬ, ಹಾಗಾದರೆ ಕಲ್ಲಣಬೆಯ ನೀರೂ ಕಣ್ಣಿಗೆ ಒಳ್ಳೆಯದಾ ಎಂದು ಕೇಳಿದ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಕಮ್ಅ ಆಸ್ಕೋಮೈಸಿಟೀಸ್ ವರ್ಗದ್ದು, ಅಂದರೆ ಪಾಠದ ಲೆಕ್ಕದಲ್ಲಿ ಯೀಸ್ಟ್ ಮತ್ತು ಪೆನಿಸಿಲಿಯಮ್‌ಗಳ ಕಡೆಯದು. ಕಲ್ಲಣಬೆ ಬೆಸಿಡಿಯೋಮೈಸಿಟೀಸ್. ಮಣ್ಣಿನಡಿ ದುಂಡಗಿರುತ್ತವೆ, ಜೀವಂತ ಬೇರಿನ ಜೊತೆ ಬದುಕುತ್ತವೆ ಎಂಬುದಷ್ಟೇ ಇವೆರಡರ ಸಮಾನ ಗುಣ. ಒಂದರ ಬಗ್ಗೆ ಹೇಳಿದ್ದನ್ನು ಇನ್ನೊಂದಕ್ಕೆ ಅಂಟಿಸುವುದು ಹದೀಸಿಗೂ ನ್ಯಾಯವಲ್ಲ, ಕಣ್ಣಿಗೂ ಅಲ್ಲ.

ನಮಗೆ ಬೇಕಾಗಿದ್ದದ್ದು ಎಳೆಯ ಉಂಡೆಯೂ ಅರಳಿದ ನಕ್ಷತ್ರವೂ ಒಂದೇ ಎಂಬುದಕ್ಕೆ ಆಧಾರ. ಹತ್ತಿರ ಸಿಕ್ಕಿತು ಎಂಬುದು ಆಧಾರವಲ್ಲ. ಸ್ಕ್ಲೆರೊಡರ್ಮಾ ಕೂಡ ಹತ್ತಿರವೇ ಸಿಕ್ಕಿತ್ತು. ಒಂದೂವರೆ ಗಂಟೆ ಹುಡುಕಿದ ಮೇಲೆ, ತರಗೆಲೆ ದಪ್ಪಗಿದ್ದ ಒಂದು ಇಳಿಜಾರಿನಲ್ಲಿ, ಆರಿಸುವವರ ಕೈಗೆ ಸಿಗದೆ ಉಳಿದ ನಾಲ್ಕು ಸಿಕ್ಕವು. ಒಂದು ಮುಚ್ಚಿದ ಉಂಡೆ, ಆದರೆ ತುದಿಯಲ್ಲಿ ಸಣ್ಣ ಸೀಳು. ಇನ್ನೊಂದರಲ್ಲಿ ಸೀಳುಗಳು ಬುಡದ ತನಕ ಇಳಿದು ಒಳಗಿನ ಚೀಲ ಇಣುಕುತ್ತಿತ್ತು. ಮೂರನೆಯದು ಅರ್ಧ ಬಿಚ್ಚಿದ್ದು. ನಾಲ್ಕನೆಯದು ಪೂರ್ತಿ ಅರಳಿ, ಮಳೆಗೆ ನೆನೆದು, ನೆಲದ ಮೇಲೆ ನಿಂತದ್ದು. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಇಂಥದ್ದನ್ನು ಎಷ್ಟೋ ಸಲ ತುಳಿದುಕೊಂಡು ಹೋಗಿದ್ದೇನೆ, ಇದು ಅದೇ ಅಂತ ಗೊತ್ತಿರಲಿಲ್ಲ ಎಂದರು. ನನಗೂ ಗೊತ್ತಿರಲಿಲ್ಲ. ಅವರಿಗೆ ಎಳೆಯದು ಗೊತ್ತಿತ್ತು, ಪುಸ್ತಕದ ಚಿತ್ರದಿಂದ ನನಗೆ ಬೆಳೆದದ್ದು ಗೊತ್ತಿತ್ತು. ನಡುವಿನ ಎರಡು ಹಂತ ಇಬ್ಬರೂ ನೋಡಿರಲಿಲ್ಲ.

ನಾಲ್ಕನ್ನೂ ಕೀಳುವ ಮೊದಲು ಮೇಲಿನಿಂದ, ಬದಿಯಿಂದ ಫೋಟೋ ತೆಗೆದೆವು, ಪಕ್ಕದಲ್ಲಿ ಸ್ಕೇಲ್ ಇಟ್ಟು. ಬುಡ ತುಂಡಾಗದಂತೆ ಸುತ್ತ ಅಗೆದು ಎತ್ತಿದೆವು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿದರೆ ಬೆವೆತು ಕೊಳೆಯುತ್ತದೆ, ಆದ್ದರಿಂದ ಕಾಗದದ ಲಕೋಟೆ. ಲಕೋಟೆಯ ಮೇಲೆ ದಿನಾಂಕ, ಮಣ್ಣು, ಹತ್ತಿರದ ಮರ ಎಂದು ಬರೆದೆವು. ಮರ ಯಾವುದು ಎಂದು ಬರೆಯುವಾಗ ಇಬ್ಬರು ಎರಡು ಹೆಸರು ಹೇಳಿದರು. ಎಲೆ ತರುವುದನ್ನು ಮರೆತದ್ದರಿಂದ ಆ ಜಗಳ ಇನ್ನೂ ತೀರ್ಮಾನವಾಗಿಲ್ಲ.

ಸೂಕ್ಷ್ಮದರ್ಶಕದ ಕೆಳಗೆ

ಸೋಮವಾರ ಚೀಲದ ಪುಡಿಯನ್ನು ಸೂಜಿಯ ತುದಿಯಲ್ಲಿ ತೆಗೆದು ಸ್ಲೈಡಿಗೆ ಹಾಕಿದೆವು. ನಮ್ಮ ಪ್ರಯೋಗಾಲಯದ 45ರ ಮಸೂರದಲ್ಲೇ ಸ್ಪಷ್ಟವಾಗಿ ಕಂಡಿತು. ಕಂದು ಬಣ್ಣದ ದುಂಡು ಬೀಜಕಗಳು, ಮೈ ತುಂಬ ಸಣ್ಣ ಮುಳ್ಳುಗಳು. ಒಂದೊಂದರ ಅಗಲ ಮಿಲಿಮೀಟರಿನ ಸುಮಾರು ನೂರನೇ ಒಂದು ಭಾಗ, ಅಂದರೆ ನಮ್ಮ ಕೆಂಪು ರಕ್ತಕಣಕ್ಕಿಂತ ಸ್ವಲ್ಪ ದೊಡ್ಡದು. ತುದಿ ಸೀಳಿದ ಉಂಡೆಯ ಒಳಗೂ, ಅರ್ಧ ಬಿಚ್ಚಿದ್ದರ ಒಳಗೂ, ಪೂರ್ತಿ ಅರಳಿದ್ದರ ಚೀಲದಲ್ಲೂ ಅದೇ ಬೀಜಕ. ವಿದ್ಯಾರ್ಥಿನಿ ತಂದ ಉಂಡೆಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತಿದ್ದ ಮೂರರಲ್ಲೂ ಅವೇ ಇದ್ದವು. ಸರಪಳಿ ಪೂರ್ತಿಯಾಯಿತು.

ಬೆಸಿಡಿಯಮ್ ಎಲ್ಲಿ ಸರ್ ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಚಿತ್ರದಲ್ಲಿ ಗದೆಯಂಥ ಬೆಸಿಡಿಯಮ್, ಅದರ ತುದಿಯಲ್ಲಿ ಬೀಜಕಗಳು ಇರುತ್ತವಲ್ಲ. ಎಳೆಯ ಬಿಳಿ ತಿರುಳಿನಲ್ಲಿ ಅವು ಇರುತ್ತವೆ. ಬಲಿತಂತೆ ಕರಗಿ ಹೋಗಿ ಬೀಜಕಗಳು ಮಾತ್ರ ಪುಡಿಯಾಗಿ ಉಳಿಯುತ್ತವೆ. ಕೊಡೆ ಅಣಬೆ ತನ್ನ ಬೀಜಕಗಳನ್ನು ತಾನೇ ಚಿಮ್ಮಿಸುತ್ತದೆ. ಪಫ್‌ಬಾಲ್‌ಗೆ ಆ ಶಕ್ತಿ ಇಲ್ಲ, ಅದು ಕಾಯುತ್ತದೆ. ಮಳೆಯ ಹನಿ ಚೀಲದ ಮೇಲೆ ಬಿದ್ದಾಗ ಚೀಲ ಒಂದು ಕ್ಷಣ ಒಳಕ್ಕೆ ಕುಗ್ಗಿ, ರಂಧ್ರದಿಂದ ಗಾಳಿಯ ಜೊತೆ ಬೀಜಕಗಳು ಹೊರಬರುತ್ತವೆ. ಗ್ರೆಗರಿ ಎಂಬ ವಿಜ್ಞಾನಿ 1949ರಲ್ಲಿ ಇನ್ನೊಂದು ಪಫ್‌ಬಾಲ್‌ನಲ್ಲಿ ಇದನ್ನು ಅತಿ ವೇಗದ ಕ್ಯಾಮೆರಾದಿಂದ ಚಿತ್ರೀಕರಿಸಿ ತೋರಿಸಿದ. ನಾವು ಡ್ರಾಪರ್‌ನಿಂದ ಒಂದು ಅಡಿ ಮೇಲಿನಿಂದ ಹನಿ ಬಿಟ್ಟು ನೋಡಿದೆವು, ಕಂದು ಹೊಗೆಯ ಸಣ್ಣ ಎಳೆ ಎದ್ದಿತು. ಈಗ ನಕ್ಷತ್ರದ ಕೆಲಸವೂ ಅರ್ಥವಾಗುತ್ತದೆ. ಮಳೆ ಬರುವಾಗ ಬಿಚ್ಚಿಕೊಂಡು ಚೀಲವನ್ನು ಹನಿಗೆ ಒಡ್ಡುವುದು, ಬಿಸಿಲಿಗೆ ಮುಚ್ಚಿ ಕಾಪಾಡುವುದು. ಎಷ್ಟು ಬೀಜಕ ಇರಬಹುದು? ಯುರೋಪು, ಅಮೆರಿಕಗಳ ಹುಲ್ಲುಗಾವಲಿನಲ್ಲಿ ಫುಟ್‌ಬಾಲಿಗಿಂತ ದೊಡ್ಡದಾಗಿ ಬೆಳೆಯುವ ದೈತ್ಯ ಪಫ್‌ಬಾಲ್ ಒಂದರಲ್ಲಿ ಬುಲ್ಲರ್ ಎಂಬಾತ ಅಂದಾಜು ಮಾಡಿದ್ದು 7 ಲಕ್ಷ ಕೋಟಿ. ನಮ್ಮದು ಗೋಲಿಯ ಗಾತ್ರದ್ದು, ಆ ಲೆಕ್ಕ ಯಾರಾದರೂ ಮಾಡಿಕೊಂಡು ಬನ್ನಿ.

ಈಗ ನನಗೆ ತುಂಬ ಇಷ್ಟವಾದ ಭಾಗ. ನಕ್ಷತ್ರದಂತೆ ಅರಳುವ ಇನ್ನೊಂದು ಶಿಲೀಂಧ್ರ ಇದೆ, ಜಿಯಾಸ್ಟ್ರಮ್. ಪರ್ಸೂನ್ ನಮ್ಮದನ್ನು ಮೊದಲು ಸೇರಿಸಿದ್ದೇ ಆ ಕುಲಕ್ಕೆ. ಹಿಂದೆ ಪಫ್‌ಬಾಲ್, ನಕ್ಷತ್ರ, ಅರ್ತ್‌ಬಾಲ್ ಎಲ್ಲವನ್ನೂ ಗ್ಯಾಸ್ಟರೋಮೈಸಿಟೀಸ್, ಅಂದರೆ ಹೊಟ್ಟೆಯೊಳಗೆ ಬೀಜಕ ಇಟ್ಟುಕೊಳ್ಳುವವು ಎಂಬ ಒಂದೇ ಗುಂಪಿನಲ್ಲಿ ಇಟ್ಟಿದ್ದರು. ಸಸ್ಯ ಸಾಮ್ರಾಜ್ಯದ ಪಾಠದಲ್ಲಿ ಕೃತಕ ವರ್ಗೀಕರಣ ಎಂದು ಓದುತ್ತೀರಲ್ಲ, ಇದು ಅದೇ. ಡಿಎನ್‌ಎ ನೋಡಿದ ಮೇಲೆ ಗುಂಪು ಒಡೆಯಿತು. ಜಿಯಾಸ್ಟ್ರಮ್ ಬಹಳ ದೂರದ ಬೇರೆ ಶಾಖೆಗೆ ಹೋಯಿತು. ಅಸ್ಟ್ರೇಯಸ್ ಬೊಲೆಟೇಲ್ಸ್ ಎಂಬ ಗಣಕ್ಕೆ ಬಂತು, ಅಲ್ಲಿ ಅದರ ಹತ್ತಿರದ ಬಂಧು ಯಾರು ಗೊತ್ತೇ? ಸ್ಕ್ಲೆರೊಡರ್ಮಾ. ಪೊಟ್ಟಣದಲ್ಲಿ ಅಡಗಿ ಕುಳಿತಿದ್ದ ಆ ನೇರಳೆ ಉಂಡೆ. ಅಂದರೆ ಪೂರ್ತಿ ಬೇರೆಯಾಗಿ ಕಾಣುವ ವಿಷದ ಉಂಡೆ ಹತ್ತಿರದ ಸಂಬಂಧಿ, ಅವಳಿಯಂತೆ ಕಾಣುವ ನಕ್ಷತ್ರ ದೂರದ ಅಪರಿಚಿತ. ಒಂದೇ ಕೆಲಸಕ್ಕೆ ಒಂದೇ ಆಕಾರ ಎರಡು ಕಡೆ ಬೇರೆ ಬೇರೆಯಾಗಿ ಬಂದಿದೆ. ವಿಕಾಸದ ಪಾಠದಲ್ಲಿ ಚಿಟ್ಟೆಯ ರೆಕ್ಕೆ, ಹಕ್ಕಿಯ ರೆಕ್ಕೆಯ ಉದಾಹರಣೆ ಬರೆದು ಬೇಸರವಾದವರು ಪರೀಕ್ಷೆಯಲ್ಲಿ ಇದನ್ನು ಬರೆಯಬಹುದು, ಮೌಲ್ಯಮಾಪಕರು ಒಪ್ಪಿದರೆ.

ಕೊನೆಗೆ ಲೇಬಲ್ ಬರೆಯುವ ಹೊತ್ತು. ‘ಅಸ್ಟ್ರೇಯಸ್ ಹೈಗ್ರೊಮೆಟ್ರಿಕಸ್’ ಎಂದು ಬರೆಯಲು ಪೆನ್ ತೆಗೆದಿದ್ದೆ. ಆದರೆ ಏಷ್ಯಾದ ಎಲ್ಲ ಅಸ್ಟ್ರೇಯಸ್‌ಗಳಿಗೂ ಕಣ್ಣುಮುಚ್ಚಿ ಆ ಹೆಸರು ಇಡುತ್ತಿದ್ದ ಕಾಲ ಮುಗಿದಿದೆ. 2004ರಲ್ಲಿ ಥಾಯ್ಲೆಂಡಿನಿಂದ ಅಸ್ಟ್ರೇಯಸ್ ಓಡೊರೇಟಸ್ ಎಂಬ ಹೊಸ ಜಾತಿ, 2007ರಲ್ಲಿ ಏಷ್ಯಾಟಿಕಸ್ ಎಂಬ ಇನ್ನೊಂದು ಜಾತಿ ವರದಿಯಾದವು. ಹೈಗ್ರೊಮೆಟ್ರಿಕಸ್ ಎಂಬ ಒಂದೇ ಹೆಸರಿನಡಿ ಹಲವು ಜಾತಿಗಳು ಸೇರಿಕೊಂಡಿದ್ದವು ಎಂದು ಆನಂತರದ ಡಿಎನ್‌ಎ ಅಧ್ಯಯನಗಳು ತೋರಿಸಿದವು. ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ನಮ್ಮ ಕರಾವಳಿಯ ಮುರಕಲ್ಲಿನ ಕಾಡುಗಳಿಂದಲೇ ಹೈಗ್ರೊಮೆಟ್ರಿಕಸ್ ಮತ್ತು ಓಡೊರೇಟಸ್ ಎರಡನ್ನೂ ವರದಿ ಮಾಡಿದ್ದಾರೆ. ಓಡೊರೇಟಸ್‌ಗೆ ಒದ್ದೆ ಮಣ್ಣಿನ ವಾಸನೆ ಇದೆ. ನಮ್ಮದಕ್ಕೂ ಇತ್ತು, ಆದರೆ ಅದು ಅಣಬೆಯ ವಾಸನೆಯೋ ಅದಕ್ಕೆ ಮೆತ್ತಿದ ಮಣ್ಣಿನದೋ ಎಂದು ಆರು ಮೂಗುಗಳು ಒಪ್ಪಲಿಲ್ಲ. ನಮ್ಮ ಉಪಕರಣಗಳಿಂದ ಜಾತಿ ಹೇಳಲಾಗದು. ಲೇಬಲ್‌ನಲ್ಲಿ ‘ಅಸ್ಟ್ರೇಯಸ್ ಕುಲ, ಜಾತಿ ನಿರ್ಧಾರವಾಗಿಲ್ಲ’ ಎಂದು ಬರೆದೆವು. ಕೆಲವರಿಗೆ ನಿರಾಶೆಯಾಯಿತು. ನನಗೆ ಆಗಲಿಲ್ಲ, ಅರ್ಧ ಲೇಬಲ್ ತಪ್ಪು ಲೇಬಲ್‌ಗಿಂತ ಉಪಯೋಗಕ್ಕೆ ಬರುತ್ತದೆ.

ಉಮ್ಮನ ಪ್ರಶ್ನೆಗೆ ನಾವು ಕಳಿಸಿದ ಉತ್ತರ ಹೀಗಿತ್ತು. ನಕ್ಷತ್ರ ವಿಷದ ಅಣಬೆಯಲ್ಲ, ಅದು ಬಲಿತ ಕಲ್ಲಣಬೆ, ತಿನ್ನುವ ಹಂತ ದಾಟಿದ್ದು. ಆದರೆ ಉಂಡೆಗಳಲ್ಲಿ ಒಂದು ಬೇರೆ ಇತ್ತು, ಅದು ವಿಷದ್ದು. ಪ್ರಯೋಗಾಲಯಕ್ಕೆ ಬಂದ ಯಾವುದನ್ನೂ ವಾಪಸು ಅಡುಗೆಗೆ ಕಳಿಸುವುದಿಲ್ಲ. ಮನೆಯಲ್ಲಿ ಉಳಿದದ್ದನ್ನು ಪಕ್ಕದ ಮನೆಯ ಅಕ್ಕನಂಥ ಅನುಭವಿಗಳು ಒಂದೊಂದಾಗಿ ಕೊಯ್ದು ನೋಡಬೇಕು, ಒಂದರಲ್ಲಿ ಸಂಶಯ ಬಂದರೂ ಅದು ಹೊರಗೆ. ಈ ಲೇಖನ ಓದಿ ಯಾರೂ ಸ್ವಂತವಾಗಿ ಆರಿಸಿ ತಿನ್ನಲು ಹೊರಡಬಾರದು. ತಿಂದ ಮೇಲೆ ವಾಂತಿ, ಹೊಟ್ಟೆನೋವು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು, ಉಳಿದ ಒಂದು ಹಸಿ ಅಣಬೆಯನ್ನು ಜೊತೆಗೆ ಒಯ್ಯಬೇಕು. ತಾವು ಸುಕ್ಕ ಮಾಡಿದ್ದೇವೆ, ಕೊಯ್ದು ನೋಡಿಯೇ ಮಾಡಿದ್ದೇವೆ ಎಂದು ಮರುದಿನ ಸುದ್ದಿ ಬಂತು.

ಮೊದಲ ನಕ್ಷತ್ರ ಈಗ ಜೀವಶಾಸ್ತ್ರ ಪ್ರಯೋಗಾಲಯದ ಕಿಟಕಿಯ ಬಳಿಯ ಗಾಜಿನ ಡಬ್ಬಿಯಲ್ಲಿದೆ. ಮುಚ್ಚಳದಲ್ಲಿ ರಂಧ್ರಗಳಿವೆ. ಜಡಿಮಳೆಯ ದಿನ ಬೆಳಿಗ್ಗೆ ಬಂದು ನೋಡಿದರೆ ನಾವು ನೀರು ಹಾಕದಿದ್ದರೂ ಎಸಳುಗಳು ಸ್ವಲ್ಪ ಸಡಿಲವಾಗಿರುತ್ತವೆ. ಯಾರು ಬೇಕಾದರೂ ಬಂದು ನೋಡಬಹುದು. ನಿಮ್ಮ ಗುಡ್ಡದಲ್ಲಿ ಸಿಕ್ಕರೆ ಕಾಗದದಲ್ಲಿ ಸುತ್ತಿ ತನ್ನಿ, ಮತ್ತು ಈ ಸಲ ಮರೆಯದೆ, ಹತ್ತಿರದ ಮರದ ಒಂದು ಎಲೆಯನ್ನೂ.